ಬಾಲಚುಕ್ಕಿಯ ಬಾಲವು ತಲೆಯನ್ನು ಹಿಂದಿಕ್ಕಿದ ಬಗ್ಗೆ

ಗ್ರಾಫಿಕ್ಸ್ ವಿಭಾಗ
ಸಂಖ್ಯೆ: ಗ್ರಾವಿ/ಬಾಚು/ಬಾಲ/04

ಸುತ್ತೋಲೆ

ವಿಷಯ: ಮೂರು ಆಯಾಮದ ಧೂಮಕೇತು ಚಿತ್ರದಲ್ಲಿ ಬಾಲದ ಅಶಿಸ್ತಿನ ಕುರಿತು.

ಉಲ್ಲೇಖ: 1) ಮುಖ್ಯಸ್ಥರ ಮೌಖಿಕ ಆದೇಶ.
2) ಅದೇ ಆದೇಶ, ಏರಿದ ದನಿಯಲ್ಲಿ.

ತಾರಾಲಯದ ಪರದೆಗಾಗಿ ಈ ವಿಭಾಗದ ಕಂಪ್ಯೂಟರಿನಲ್ಲಿ ತಯಾರಾಗುತ್ತಿರುವ ಧೂಮಕೇತುವನ್ನು ಮುಖ್ಯಸ್ಥರು ನಿನ್ನೆ ಪರಿಶೀಲಿಸಿದ್ದು, ಸೂರ್ಯನತ್ತ ಬರುವಾಗ ಶಿಸ್ತಾಗಿ ಹಿಂದೆ ಇದ್ದ ಬಾಲವು, ಸೂರ್ಯನನ್ನು ಸುತ್ತಿ ವಾಪಸಾಗುವಾಗ ತಲೆಗಿಂತ ಮುಂದೆ ನಡೆದಿರುವುದು ಕಂಡುಬಂದಿರುತ್ತದೆ. ವಿವರಣೆ ಕೇಳಲಾಗಿ, ಚಿತ್ರಕ್ಕೆ ಚಲನೆ ಕೊಟ್ಟ ಅನಿಮೇಟರ್ (ವಿಭಾಗದಲ್ಲಿ ಎಲ್ಲರಿಗೂ 'ಚುಕ್ಕಿಯಕ್ಕ'), ಸೂರ್ಯನ ಗಾಳಿಯು ಬಾಲವನ್ನು ಸದಾ ಆಚೆಗೇ ತಳ್ಳುತ್ತದೆ ಎಂದೂ, "ನಾವೂ ಅಷ್ಟೇ ಅಲ್ವಾ ಸಾರ್, ಡೈರೆಕ್ಟರ್ ರೂಮಿಗೆ ಹೋಗೋವಾಗ ನಿಮ್ಮ ಹಿಂದೆ, ಬೈಸ್ಕೊಂಡು ಬರೋವಾಗ ನಿಮಗಿಂತ ಮುಂದೆ" ಎಂದೂ ತಿಳಿಸಿರುತ್ತಾರೆ. ಆಗ ಕೊಠಡಿಯಲ್ಲಿ ಕೇಳಿಬಂದ ನಗುವನ್ನು ಕೆಮ್ಮು ಎಂದು ದಾಖಲಿಸಲಾಗಿದೆ.

ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ತಲೆ ಮುಂದೆ, ಬಾಲ ಹಿಂದೆ. ಹಿರಿತನದ ವಿಷಯದಲ್ಲಿ ಭೌತಶಾಸ್ತ್ರಕ್ಕೆ ವಿನಾಯಿತಿ ಇರುವುದಿಲ್ಲ.

2. ಪೂರ್ವಾನುಮತಿಯಿಲ್ಲದೆ ಧೂಮಕೇತುವಾಗಲಿ ಸಿಬ್ಬಂದಿಯಾಗಲಿ ಬಾಲ ಬಿಚ್ಚತಕ್ಕದ್ದಲ್ಲ.

3. ಕಟ್ಟಡದಲ್ಲಿ ಧೂಮಪಾನ ನಿಷೇಧವಿರುವುದರಿಂದ ಧೂಮಕೇತುವಿನ ಧೂಮವನ್ನು ಗೇಟಿನ ಹೊರಗೆ ಬಿಟ್ಟು ಬರುವುದು. ಒಳಗೆ ಬರೀ ಕೇತು ಸಾಕು.

4. ಬಾಲದ ಲಕ್ಷಾಂತರ ಕಣಗಳು ಹೇಳದೆ ಕೇಳದೆ ಚದುರುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಹೊರಹೋಗುವ ಪ್ರತಿ ಕಣವೂ ಸಹಿ ಮಾಡಿ ಹೋಗತಕ್ಕದ್ದು. ಸಹಿ ಬಾರದ ಕಣಗಳು ಹೆಬ್ಬೆಟ್ಟು ಒತ್ತಬಹುದು.

5. ಗಾಳಿ ನಿಲ್ಲಿಸಲು ಶ್ರೀ ಸೂರ್ಯ ಅವರು ಒಪ್ಪದಿದ್ದಲ್ಲಿ, ಆಡಳಿತದ ಹಿತದೃಷ್ಟಿಯಿಂದ ಅವರನ್ನು ಪರದೆಯ ಎದುರು ಮೂಲೆಗೆ ವರ್ಗಾಯಿಸತಕ್ಕದ್ದು. ಪ್ರಯಾಣ ಭತ್ಯೆ ಇರುವುದಿಲ್ಲ.

6. ಸಂಜೆಯೊಳಗೆ ಬಾಲ ಹಿಂದಕ್ಕೆ ಬಾರದಿದ್ದರೆ, ಚಿತ್ರದ ಕೊನೆಯಲ್ಲಿ ಬರುವ ಚುಕ್ಕಿಯಕ್ಕನವರ ಹೆಸರನ್ನು ತೆಗೆದುಹಾಕಲಾಗುವುದು. ಅವರ ಹೆಸರು ಪರದೆಯ ಮೇಲೆ ಬರುತ್ತಿರುವುದು ಇದೇ ಮೊದಲು ಎಂಬುದೂ, ಅದನ್ನು ನೋಡಲೆಂದು ಅತ್ತೆ, ನಾದಿನಿ, ಓರಗಿತ್ತಿಯರನ್ನೆಲ್ಲ ಅವರು ಆಗಲೇ ಕರೆದಾಗಿದೆ ಎಂಬುದೂ ತಿಳಿದಿರುತ್ತದೆ. ಕೇಳಿ ಅಧೀಕ್ಷಕರಿಗೆ ಅಯ್ಯೋ ಎನಿಸಿರುತ್ತದೆ. ಆದರೆ ಅಯ್ಯೋ ಎನ್ನುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ.

7. (ಸುತ್ತೋಲೆ ಟೈಪಾಗುತ್ತಿರುವಾಗ ಸೇರಿಸಿದ್ದು.) ಡೈರೆಕ್ಟರ್ ಸಾಹೇಬರು ಚಿತ್ರ ನೋಡಿ, ಬಾಲ ಸರಿಯಾಗಿಯೇ ಇದೆ, ತಿದ್ದಲು ಹೇಳಿದ ಮಹಾನುಭಾವರು ಯಾರು ಎಂದು ಇಡೀ ವಿಭಾಗವನ್ನು ಕರೆಸಿರುತ್ತಾರೆ. ಒಳಹೋಗುವಾಗ ಮುಖ್ಯಸ್ಥರು ಮುಂದೆ, ಸಿಬ್ಬಂದಿ ಹಿಂದೆ ಇದ್ದರು. ಹೊರಬರುವಾಗಿನ ಕ್ರಮವನ್ನು ಅಧೀಕ್ಷಕರು ಬಾಗಿಲಲ್ಲೇ ನಿಂತು ಖುದ್ದು ಪರಿಶೀಲಿಸಿದ್ದು, ಅದು ಧೂಮಕೇತುವಿನಂತೆಯೇ ಇದ್ದುದರಿಂದ ಮೇಲಿನ ಆರೂ ಕಂಡಿಕೆಗಳನ್ನು ಹಿಂಪಡೆಯಲಾಗಿದೆ.

(ಸಹಿ)
ಅಧೀಕ್ಷಕರು
ಮುಖ್ಯಸ್ಥರ ಪರವಾಗಿ

ಪ್ರತಿಗಳು:
1. ಚುಕ್ಕಿಯಕ್ಕನವರಿಗೆ: ಹೆಸರು ಇರಲಿ, ಅತ್ತೆಯವರಿಗೆ ಕಾಣುವಷ್ಟು ದಪ್ಪಕ್ಷರದಲ್ಲಿರಲಿ.
2. ಶ್ರೀ ಸೂರ್ಯ ಅವರಿಗೆ: ವರ್ಗಾವಣೆ ರದ್ದಾಗಿದೆ.
3. ಕೆಮ್ಮಿದವರೆಲ್ಲರಿಗೆ: ಇನ್ನು ನಗಬಹುದು.
4. ಮುಖ್ಯಸ್ಥರಿಗೆ: ಹೊರಬಂದ ಮೇಲೆ.