ಫ್ಲಾಪಿಗೆ ಹಚ್ಚಿದ ಕುಂಕುಮ

ಅವಸರದವನ ಕೈಗೆ ಕಂಪ್ಯೂಟರನ್ನೂ ಭಕ್ತನ ಕೈಗೆ ಕುಂಕುಮವನ್ನೂ ಒಂದೇ ದಿನ ಕೊಡಬಾರದು. ನಾನಂತೂ ಕೂತಲ್ಲಿ ಕೂಡುವವನಲ್ಲ. ಚಹಾ ಆರುವ ತನಕ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವ ಪೈಕಿ. ಅಂಥವನಿಗೆ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕದ ಕೆಲಸ. ಆ ವರ್ಷವಷ್ಟೇ ಅಂಗಡಿಗೆ ಕಂಪ್ಯೂಟರ್ ಬಂದಿತ್ತು. ಘಾಟಿಗೆ ನಾವು ಸೀನುತ್ತಿದ್ದೆವು, ಪ್ರಿಂಟರ್ ಕಿರ್ರೆನ್ನುತ್ತಿತ್ತು. ಹೊರಗೆ ನಿಂತವರಿಗೆ ಯಾವುದು ಯಾರ ಸದ್ದೆಂದು ತಿಳಿಯುತ್ತಿರಲಿಲ್ಲ.

ಆ ದಿನ ನನ್ನ ಚಡಪಡಿಕೆಗೆ ಕಾರಣವೂ ಇತ್ತು. ಸಂಜೆ ಗುತ್ತಲದ ಮಾವನ ಮನೆಯಲ್ಲಿ ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವವರಿದ್ದರು. ಶ್ವೇತಾ ಎಂದು ನಾನೇ ಆರಿಸಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ತೊಟ್ಟಿಲ ಮುಂದೆಯೇ ನನ್ನ ತಂಗಿಗೆ ಪಿಸುಗುಟ್ಟಿ, ಅವಳು ಕೂಸಿನ ಕಿವಿಯಲ್ಲಿ ಕೂಗಿದಾಗ ಎಲ್ಲರೂ ಬೆರಗಾಗಬೇಕೆಂಬ ಹುಚ್ಚು ನನಗೆ. ಅಂಗಡಿಯ ಸಾಹುಕಾರರು ಮಾತ್ರ, "ಲೆಡ್ಜರ್ ಹಾವೇರಿ ಆಡಿಟರ್ ಕೈಯಾಗ ಕೊಟ್ಟು, ಹಂಗ ಗುತ್ತಲಕ್ಕ ಹೋಗ್ರಿ" ಎಂದಿದ್ದರು.

ಲೆಡ್ಜರನ್ನು ಪ್ರಿಂಟಿಗೆ ಕೊಟ್ಟೆ. ಮೊದಲ ಹಾಳೆ ಹೊರಬಂದದ್ದೇ ತಡ, ಸಾಹುಕಾರರು ಗಾದಿಯಿಂದೆದ್ದು ಚರ್ರೆಂದು ಅದನ್ನು ಹರಿದು, ಲಕ್ಷ್ಮಿಯ ಫೋಟೋದ ಮುಂದಿಟ್ಟು ಕೈಮುಗಿದರು.

"ಸಾಹುಕಾರ್ರ, ಅದು ಒಂದನೇ ಪುಟಾರಿ!"

"ಅದಕ್ಕ ತಗೊಂಡೇನಿ. ಮೊದಲನೇದು ಲಕ್ಷ್ಮೀದು. ಅಕಿಗೆ ಕೊಟ್ಟ ಮ್ಯಾಲೆ ನಮ್ಮದು."

ಹಳೆಯ ಕೀರ್ದಿ ಪುಸ್ತಕಗಳ ಮೊದಲ ಹಾಳೆಯಲ್ಲಿ ಶ್ರೀಕಾರ ಬರೆದು ದೇವಿಗೇ ಬಿಟ್ಟುಕೊಟ್ಟ ಕೈ ಅದು. ಈ ಯಂತ್ರ ಒಂದನೇ ಹಾಳೆಯಿಂದಲೇ ಲೆಕ್ಕ ಶುರು ಮಾಡುತ್ತದೆಂದರೆ ಕೇಳಬೇಕಲ್ಲ! ಮತ್ತೆ ಪ್ರಿಂಟ್ ಕೊಟ್ಟೆ, ಮತ್ತೆ ಒಂದನೇ ಪುಟ, ಮತ್ತೆ ಚರ್ರ್. ಆಮೇಲೆ ಉಪಾಯ ಮಾಡಿ ಖಾಲಿ ಹಾಳೆಯೊಂದನ್ನು ಮುಂದೆ ಹಿಡಿದೆ.

"ದೇವರಿಗೆ ಖಾಲಿ ಹಾಳಿ ಕೊಡ್ತಾರೇನ್ರಿ? ಸಾಲಿ ಕಲತೀರಿ, ಇಷ್ಟೂ ತಿಳಿಯೂದಿಲ್ಲಾ?"

ಆಡಿಟರಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. "ಒಂದನೇ ಪುಟ ಇಲ್ಲದ ಲೆಡ್ಜರ್ ನಡೆಯೂದಿಲ್ರಿ. ಫ್ಲಾಪಿಯೊಳಗ ಹಾಕ್ಕೊಂಡ ಬರ್ರಿ, ನಾನ ಇಲ್ಲಿ ಪ್ರಿಂಟ್ ತಗೋತೀನಿ" ಎಂದರು. ಬದುಕಿದೆ! ಇಡೀ ಲೆಡ್ಜರನ್ನು ಫ್ಲಾಪಿಗಿಳಿಸಿ, ಮೇಜಿನ ಮೇಲಿಟ್ಟು ಚಪ್ಪಲಿ ಹುಡುಕಲು ಹೋದೆ. ಬರುವಷ್ಟರಲ್ಲಿ ಸಾಹುಕಾರರು ಅದನ್ನೂ ಲಕ್ಷ್ಮಿಯ ಮುಂದಿಟ್ಟು ತಂದಿದ್ದರು. "ಮೊದಲನೇ ಫ್ಲಾಪಿ ಅಲ್ಲೇನ್ರಿ? ಪೂಜಾ ಮಾಡೇನಿ, ಒಯ್ರಿ" ಎಂದರು. ನನ್ನ ಮನಸ್ಸು ಆಗಲೇ ಬಸ್ ಹತ್ತಿತ್ತು. ನೋಡದೆ ಕಿಸೆಗೆ ಹಾಕಿಕೊಂಡು ಓಡಿದೆ.

ಹಾವೇರಿಯಲ್ಲಿ ಆಡಿಟರ ಕಂಪ್ಯೂಟರ್ ಫ್ಲಾಪಿಯನ್ನು ನುಂಗಿ ಗರಗರ ಎಂದು ನಿಂತೇಬಿಟ್ಟಿತು. ಹೊರತೆಗೆದು ಅದರ ತಗಡಿನ ಬಾಗಿಲು ಸರಿಸಿದರೆ ಒಳಗೆಲ್ಲ ಅರಿಶಿನ, ಕುಂಕುಮ.

"ಏನ್ರಿ, ಇದರ ಮದುವಿ ಮಾಡ್ಕೊಂಡ ಬಂದೀರೇನು?" ಎಂದರು ಆಡಿಟರು.

ಮತ್ತೆ ಬ್ಯಾಡಗಿ. ಸಾಹುಕಾರರಿಗೆ ಅನ್ನಲೆಂದು ಬಸ್ಸಿನಲ್ಲಿ ಕೂತು ಒಳ್ಳೊಳ್ಳೆಯ ಮಾತು ಹೊಂದಿಸಿದ್ದೆ. ಎದುರು ನಿಂತಾಗ ಬಂದದ್ದು ಬರೀ ಸೀನು. "ಎರಡನೇದಕ್ಕ ಏನೂ ಬ್ಯಾಡ, ಅದು ನಮ್ಮದ" ಎಂದು ಅವರೇ ಧಾರಾಳವಾಗಿ ಬಿಟ್ಟುಕೊಟ್ಟರು. ಎರಡನೇ ಫ್ಲಾಪಿಯನ್ನು ಹಾವೇರಿಗೆ ಮುಟ್ಟಿಸಿ ಗುತ್ತಲದ ಬಸ್ ಹತ್ತಿದೆ. ಸೀಟು ಖಾಲಿಯಿದ್ದರೂ ಡ್ರೈವರನ ಬೆನ್ನ ಹಿಂದೆ ನಿಂತೇ ಹೋದೆ, ನಾನು ನಿಂತರೆ ಬಸ್ಸು ಲಗೂ ಹೋದೀತೆಂಬ ಆಸೆಯಿಂದ. ದಾರಿಯುದ್ದಕ್ಕೂ ಸಾಹುಕಾರರನ್ನೂ ಅವರ ಲಕ್ಷ್ಮಿಯನ್ನೂ ಮನಸಾರೆ ಶಪಿಸಿದೆ.

ಮಾವನ ಮನೆ ಮುಟ್ಟಿದಾಗ ಉಂಡವರು ಕೈ ತೊಳೆಯುತ್ತಿದ್ದರು. ತೊಟ್ಟಿಲು ತೂಗುತ್ತಿದ್ದ ಅತ್ತೆ, "ಎಷ್ಟ ಹೊತ್ತು ಕಾಯೂದ್ರಿ ನಿಮ್ಮ ಸಲುವಾಗಿ? ಹೆಸರೇನಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ! ಮೊದಲನೇ ಕೂಸು, ಅದೂ ಹೆಣ್ಣು. ಲಕ್ಷ್ಮಿ ಅಂತ ಇಟ್ಟಬಿಟ್ವಿ" ಎಂದರು.

ತೊಟ್ಟಿಲಲ್ಲಿ ಇಣುಕಿದೆ. ಪುಟ್ಟ ಹಣೆಯ ತುಂಬ ಕುಂಕುಮ.

"ಇರ್ಲಿ ಬಿಡ್ರಿ" ಎಂದೆ, "ಎರಡನೇದು ನಮ್ಮದ."

ಬಾಣಂತಿ ಹೆಂಡತಿ ನೋಡಿದ ನೋಟಕ್ಕೆ, ಅವತ್ತು ಮೊದಲ ಸಲ, ನಾನು ಅಲುಗಾಡದೆ ಕುಳಿತೆ.