ದತ್ತರಾಜರ ಅಹಂಕಾರ ಮತ್ತು ತಾಂಡೂರಿನ ಕಲ್ಲು

ಪ್ರಸಿದ್ಧ ಚಿತ್ರನಟ ದತ್ತರಾಜ್ ಅವರು ಅಹಂಕಾರಿ ಎಂಬುದು ಕಲ್ಲಿನಲ್ಲಿ ಕೆತ್ತಿದ ಸಂಗತಿ. ಕಲ್ಲು ತಾಂಡೂರಿನದು. ಜಹೀರಾಬಾದಿನ ಸ್ವರೂಪಾಳ ರೊಟ್ಟಿ ಅಂಗಡಿಯ ಗೋಡೆಗೆ ಅದನ್ನು ಕೂಡಿಸಲಾಗಿದೆ. ವಿಚಾರಣೆ ಕೆತ್ತಿದ ಮೇಲೆ ನಡೆಯಿತು.

ಸ್ವರೂಪಾ ಪಸ್ತಾಪುರದ ಕಡೆಯವಳು. ರುಚಿ ಮಳಿಗೆ ಮಂಡಳಿ ಅವಳಿಗೆ ಮಳಿಗೆ ಕೊಟ್ಟದ್ದು ಒಂದು ಷರತ್ತಿನ ಮೇಲೆ: ‘ಮೊದಲ ತುತ್ತನ್ನು ಹೆಸರಾಂತ ವ್ಯಕ್ತಿಯೊಬ್ಬರು ಸೇವಿಸತಕ್ಕದ್ದು. ತಪ್ಪಿದಲ್ಲಿ ಮಳಿಗೆಯು ಮುಂದಿನ ಅರ್ಜಿದಾರರ ಪಾಲಾಗತಕ್ಕದ್ದು.’ ಮುಂದಿನ ಅರ್ಜಿದಾರ ಗೋಬಿ ಮಂಚೂರಿಯವನು. ಅವನು ಆಗಲೇ ಬಾಣಲೆ ತಂದು ಬಾಗಿಲ ಹೊರಗೆ ಇಟ್ಟುಕೊಂಡು ಕುಂತಿದ್ದ.

ದತ್ತರಾಜ್ ಅವರ ಚಿತ್ರೀಕರಣ ನಾರಾಯಣಖೇಡದ ಹತ್ತಿರ ನಡೆದಿತ್ತು. ಮಂಡಳಿಯ ಅಧಿಕಾರಿ ಹಣಮಂತರಾಯರು ಹೋಗಿ ಅವರನ್ನು ಒಪ್ಪಿಸಿ ಬಂದರು. ಬೆನ್ನಿಗೇ ನಟರ ಮ್ಯಾನೇಜರನ ಸುತ್ತೋಲೆ ಬಂತು: ‘ನಟರು ಬೇಡವೆಂದುದನ್ನು ಎರಡನೇ ಸಲ ಕೇಳಕೂಡದು.’

ಈ ಸೀಮೆಯ ರೂಢಿ ಬೇರೆ. ಒಂದೇ ಮಾತಿಗೆ ತಾಟಿಗೆ ಕೈ ಹಾಕುವವನು ಹಸಿದ ನಾಯಿ, ಎರಡನೇ ಮಾತಿಗೆ ಹಾಕುವವನು ಆಳು, ಮೂರನೆಯದಕ್ಕೆ ಹಾಕುವವನು ಬೀಗ ಎನ್ನುತ್ತಾರೆ. ಆದರೆ ರೂಢಿಗೆ ಸಹಿ ಇಲ್ಲ, ಸುತ್ತೋಲೆಗೆ ಇತ್ತು.

ನಟರು ಬಂದು ಕುಂತರು. ಸ್ವರೂಪಾ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಇದ್ದ ತಾಟು ಮುಂದೆ ಮಾಡಿದಳು.

“ತಗೋರಿ ಅಣ್ಣಾ.”

“ಬ್ಯಾಡ್ರಿ ಅಕ್ಕಾ.”

ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹಣಮಂತರಾಯರು ತಾಟು ಎತ್ತಿದರು. ತಾಟು ಹೋದ ದಾರಿಯನ್ನೇ ನಟರು ನೋಡಿದರು. ಸ್ವಲ್ಪ ಹೊತ್ತು ಕುಂತು, ಎದ್ದು ಹೋದರು. ಅನ್ನ ಕೆಡಬಾರದೆಂದು ಸ್ವರೂಪಾ ಆ ತಾಟನ್ನು ಹಣಮಂತರಾಯರಿಗೆ ಕೊಡಹೋದಳು. ಅವರು ಎರಡು ಸಲ ಬೇಡವೆಂದು, ಮೂರನೇ ಸಲಕ್ಕೆ ಉಂಡರು.

ನಟರ ಕಾರು ಊರು ದಾಟುವ ಮೊದಲೇ ಅವರ ಅಹಂಕಾರದ ವಿಡಿಯೊ ಎಲ್ಲರ ಫೋನಿಗೂ ತಲುಪಿತ್ತು.

ತಾಂಡೂರಿನಿಂದ ಕಲ್ಲು ಕೆತ್ತುವ ಕಿಷ್ಟಪ್ಪ ಫೋನ್ ಮಾಡಿದ. ಉದ್ಘಾಟನೆಯ ಕಲ್ಲನ್ನು ಅವನಿಗೇ ಒಪ್ಪಿಸಲಾಗಿತ್ತು.

“ಸಾಬ್, ‘ಇಲ್ಲಿ ನಟ ದತ್ತರಾಜ್ ಅವರು’ ತನಕ ಕೆತ್ತೀನಿ. ಏನ್ ತಿಂದ್ರು ಹೇಳ್ರಿ, ಬರೀತೀನಿ.”

“ಏನೂ ತಿಂದಿಲ್ಲ.”

“ಕಲ್ಲು ಅರ್ಧಾ ಖಾಲಿ ಬಿಡಾಕ ಬರಲ್ರಿ. ಚಂದ ಕಾಣಲ್ಲ.”

ಹಣಮಂತರಾಯರು ಯೋಚಿಸಿ, “‘ಅಹಂಕಾರ ತೋರಿಸಿದರು’ ಅಂತ ಹಾಕು,” ಎಂದರು. ಜಾಗ ಸರಿಯಾಗಿ ತುಂಬಿತು.

ಸ್ವರೂಪಾ ಮಾತ್ರ ಬಿಡಲಿಲ್ಲ. ಅಹಂಕಾರವಿಲ್ಲವೆಂದು ಸಾಬೀತಾದರೆ ನಟರನ್ನು ಮತ್ತೆ ಕರೆದು ಉಣಿಸಬಹುದು, ಮಳಿಗೆ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಅವಳ ಮನವಿಯ ಮೇರೆಗೆ ವಿಚಾರಣಾ ಸಮಿತಿ ರಚನೆಯಾಯಿತು. ಅಧ್ಯಕ್ಷರು ಹಣಮಂತರಾಯರು. ಸಾಕ್ಷ್ಯವಾದ ಕಲ್ಲು ತನ್ನ ಅಂಗಳದಲ್ಲಿ ಬಿದ್ದಿದ್ದರಿಂದ ಕಿಷ್ಟಪ್ಪ ಸದಸ್ಯ. ಮೂವರೂ ನಾರಾಯಣಖೇಡಕ್ಕೆ ಹೋದರು.

“ನಿಮಗ ಅಹಂಕಾರ ಅದ ಏನ್ರಿ?” ಅಧ್ಯಕ್ಷರು ಕೇಳಿದರು.

“ಇಲ್ರಿ,” ಎಂದರು ನಟರು.

ಇಲ್ಲವೆಂದು ಹೆಮ್ಮೆಯಿಂದ ನುಡಿದರು ಎಂದು ದಾಖಲಾಯಿತು.

“ಮತ್ತ ಯಾಕ ಬ್ಯಾಡ ಅಂದ್ರಿ ಅಣ್ಣಾ?” ಸ್ವರೂಪಾ ಕೇಳಿದಳು.

“ನಮ್ಮವ್ವನ ತೌರು ಇಲ್ಲೇ ಝರಾಸಂಗಂ ಅಕ್ಕಾ. ಒಂದೇ ಮಾತಿಗೆ ಕೈ ಚಾಚಿದ್ರ ಬಡೀತಿದ್ಲು. ಇನ್ನೆರಡು ಸಲ ಕೇಳ್ತಿ ಅಂತ ಕುಂತಿದ್ದೆ. ಎಣ್ಣೆಗಾಯಿ ವಾಸನಿ ಇನ್ನಾ ಮೂಗಿನಾಗ ಅದ.”

ಸ್ವರೂಪಾ ಅಧ್ಯಕ್ಷರ ಕಡೆ ತಿರುಗಿದಳು. “ಕೇಳಿದ್ರಿಲ್ಲ? ಈ ರೂಢಿ ನಿಮಗ ಗೊತ್ತಿಲ್ದದ್ದೇನ್ರಿ?”

“ನನಗ ಗೊತ್ತದವ್ವ. ಕಲ್ಲಿಗಿ ಗೊತ್ತಿಲ್ಲ.”

“ಅಳಸಾಕ ಬರಂಗಿಲ್ಲ,” ಎಂದ ಕಿಷ್ಟಪ್ಪ. “ಅಳಸಿದ್ರ ಸೀಳತದ.”

ಮಂಡಳಿಯ ನಿಯಮದಲ್ಲಿ ಇದಕ್ಕೆ ಪರಿಹಾರವಿತ್ತು: ‘ಕಲ್ಲಿಗೂ ಸಂಗತಿಗೂ ಹೊಂದಿಕೆಯಾಗದಿದ್ದಲ್ಲಿ, ಎರಡರಲ್ಲಿ ಹಗುರವಾದದ್ದನ್ನು ಬದಲಿಸತಕ್ಕದ್ದು.’ ಕಿಷ್ಟಪ್ಪ ಕಲ್ಲನ್ನು ಎತ್ತಿದ್ದವನು. ಸಂಗತಿಯೇ ಹಗುರವೆಂದು ಅವನು ಸಾಕ್ಷಿ ನುಡಿದ.

ಕಲ್ಲು ಗೋಡೆ ಸೇರಿತು. ಮಂಚೂರಿಯವನು ಒಲೆ ಹೊತ್ತಿಸಲು ಬಗ್ಗಿದ. ಆದರೆ ಅಷ್ಟರಲ್ಲಿ ಬೀದರ ಬಸ್ಸಿನಿಂದ ಇಳಿದವರು, ತಾಂಡೂರ ಬಸ್ಸು ಹತ್ತಬೇಕಾದವರು ಎಲ್ಲರೂ ಅಹಂಕಾರದ ಕಲ್ಲಿನ ಮುಂದೆ ಫೋಟೊ ತೆಗೆಸಿಕೊಳ್ಳಲು ನೂಕಾಡುತ್ತಿದ್ದರು. ಬಂದವರು ಹಸಿದಿರುತ್ತಿದ್ದರು. ಅಂಥ ದೊಡ್ಡ ಮನುಷ್ಯ ಬೇಡವೆಂದ ರೊಟ್ಟಿ ಹೇಗಿದ್ದೀತೆಂದು ತಿಂದು ನೋಡುತ್ತಿದ್ದರು. ಚೆನ್ನಾಗಿತ್ತು.

ಮಂಡಳಿ ತಿದ್ದುಪಡಿ ಹೊರಡಿಸಿತು: ‘ಹೆಸರಾಂತ ವ್ಯಕ್ತಿಯು ನಿರಾಕರಿಸಿದ ತುತ್ತನ್ನು ಸೇವಿಸಿದ ತುತ್ತೆಂದೇ ಭಾವಿಸತಕ್ಕದ್ದು. ನಿರಾಕರಣೆಯನ್ನು ಪ್ರತಿವರ್ಷ ನವೀಕರಿಸತಕ್ಕದ್ದು.’ ಮಂಚೂರಿಯವನು ಬಾಣಲೆ ಎತ್ತಿಕೊಂಡು ಹೋದ.

ಅಂದಿನಿಂದ ದತ್ತರಾಜ್ ಅವರು ವರ್ಷಕ್ಕೊಮ್ಮೆ ಬರುತ್ತಾರೆ. ಹೋದ ವರ್ಷವೂ ಬಂದರು. ಪೆಂಡಾಲಿನ ತುಂಬ ಜನ.

“ತಗೋರಿ ಅಣ್ಣಾ,” ಎಂದಳು ಸ್ವರೂಪಾ.

“ಬ್ಯಾಡ್ರಿ ಅಕ್ಕಾ,” ಎಂದರು ನಟರು. ಆಮೇಲೆ ತುಟಿ ಅಲುಗದಂತೆ, “ಇನ್ನೊಂದ್ಸಲ ಕೇಳಕ್ಕಾ. ಮುಂಜಾನಿಯಿಂದ ಏನೂ ತಿಂದಿಲ್ಲ,” ಎಂದರು.

ಸ್ವರೂಪಾ ತಾಟು ನೋಡಿದಳು. ಕಲ್ಲು ನೋಡಿದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ತನ್ನೂರಿನ ಹೆಂಗಸರನ್ನು ನೋಡಿದಳು.

“ಸಾಹೇಬ್ರು ಬ್ಯಾಡ ಅಂದ್ರು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಜನ ಚಪ್ಪಾಳೆ ತಟ್ಟಿದರು. ನಟರು ಕೈಮುಗಿದು ಕಾರು ಹತ್ತಿದರು. ತಾಟನ್ನು ಹಣಮಂತರಾಯರ ಮುಂದೆ ಹಿಡಿಯಲಾಯಿತು. ಅವರು ಬೇಡವೆಂದರು. ಮತ್ತೆ ಬೇಡವೆಂದರು. ಮೂರನೇ ಸಲಕ್ಕೆ, ಅಷ್ಟು ಹೇಳಿದ ಮೇಲೆ ಹೇಗೆ ಒಲ್ಲೆ ಎನ್ನುವುದೆಂದು, ಕುಂತು ಉಂಡರು.

ಹಣಮಂತರಾಯರು ಬಹಳ ವಿನಯವಂತರೆಂದು ಜಹೀರಾಬಾದಿನಲ್ಲಿ ಹೆಸರಿದೆ. ಅವರ ಕಲ್ಲಿಗೂ ತಾಂಡೂರಿಗೆ ಹೇಳಿಯಾಗಿದೆ.