ನಾಲ್ಕು ಸ್ಕ್ರೂ

ಇಷ್ಟೆಲ್ಲ ಫಜೀತಿಗೆ ಕಾರಣ ನಾಲ್ಕೇ ನಾಲ್ಕು ಸ್ಕ್ರೂ. ದರ್ಜಿ ಮನೆ ಮಾರಿದಾಗ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ತಾವಾಗಿಯೇ ಮುಂದೆ ಬಂದು ಕರಾರುಪತ್ರ ಬರೆದುಕೊಟ್ಟಿದ್ದರು. ಅದರಲ್ಲೊಂದು ಸಾಲು: "ಗೋಡೆಗೆ ಸ್ಕ್ರೂ ಹಾಕಿರುವುದೆಲ್ಲ ಮನೆಯೊಡನೆ ಉಳಿಯತಕ್ಕದ್ದು, ಮಿಕ್ಕದ್ದನ್ನು ಮಾರಿದವರು ಒಯ್ಯತಕ್ಕದ್ದು." ಎಂಥ ಉಪಕಾರ ಮಾಡಿದಿರಿ ಎಂದು ದರ್ಜಿ ಕೈಮುಗಿದು ಸಹಿ ಹಾಕಿದ್ದ.

ಮನೆ ಬಿಡುವ ದಿನ ಸಾಮಾನೆಲ್ಲ ಗಾಡಿಗೇರಿತು. ಹೆಂಡತಿಯ ತವರಿನಿಂದ ಬಂದ ಮರದ ಬೀರು ಮಾತ್ರ ಉಳಿದಿತ್ತು. ಆಗ ಅವನ ಕಣ್ಣು ಗೋಡೆಯ ಆಳೆತ್ತರದ ಕನ್ನಡಿಯ ಮೇಲೆ ಬಿತ್ತು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ! ಕರಾರಿನ ಪ್ರಕಾರ ಅದು ಮನೆಗೇ ಸೇರಿದ್ದು.

ಇಪ್ಪತ್ತೆಂಟು ವರ್ಷ ಸಂಸಾರಕ್ಕೆ ಅನ್ನ ಹಾಕಿದ ಕನ್ನಡಿ ಅದು. ಗಾಜು ಎಲ್ಲೋ ಚೂರು ಬಾಗಿತ್ತು. ಎದುರು ನಿಂತವರು ಒಂದು ಸುತ್ತು ತೆಳ್ಳಗೆ ಕಾಣುತ್ತಿದ್ದರು. ಗಿರಾಕಿಗಳು ಹೊಲಿಗೆಯನ್ನು ಹೊಗಳಿದರೆ ದರ್ಜಿ ಮನಸ್ಸಿನಲ್ಲೇ ಕನ್ನಡಿಗೆ ನಮಸ್ಕಾರ ಹಾಕುತ್ತಿದ್ದ. ಹೊಸ ಮನೆಗೆ ಮುಂದಾಗಿ ಹೋದ ಹೆಂಡತಿ ಬೇರೆ ಕಟ್ಟಪ್ಪಣೆ ಮಾಡಿದ್ದಳು: "ಕನ್ನಡಿ ಬಿಟ್ಟು ಬಂದ್ರೆ ನೀವೂ ಅಲ್ಲೇ ಇದ್ದುಬಿಡಿ!"

"ಅಷ್ಟಕ್ಕೆ ಯಾಕ್ರೀ ಮುಖ ಸಪ್ಪಗೆ?" ಎಂದರು ಬೀಳ್ಕೊಡಲು ಬಂದಿದ್ದ ಗುಮಾಸ್ತರು. "ಕೀಲಿಕೈ ಕೊಡೋದು ಐದು ಗಂಟೆಗೆ. ಅದಕ್ಕೆ ಮುಂಚೆ ಸ್ಕ್ರೂ ಬಿಚ್ಚಿಬಿಟ್ರೆ ಅದು ಸ್ಕ್ರೂ ಹಾಕಿದ ವಸ್ತುವೇ ಅಲ್ಲ. ಬರೆದೋನು ನಾನು, ನಂಗೊತ್ತಿಲ್ವಾ?"

ಕರೆಯುವ ಮೊದಲೇ ಎದುರುಮನೆಯ ಬಡಗಿ ಸ್ಕ್ರೂಡ್ರೈವರ್ ಹಿಡಿದು ಹಾಜರಾದ. ಇಂಥ ನೆರೆಹೊರೆ ಯಾರಿಗುಂಟು ಎಂದು ದರ್ಜಿಯ ಕಣ್ಣು ತುಂಬಿತು. ಕನ್ನಡಿ ಇಳಿಯಿತು. ಅದರ ಹಿಂದೆಯೇ ತಟ್ಟೆಯಗಲದ ಗಾರೆಯೂ ದಬದಬನೆ ಇಳಿಯಿತು.

"ಒಂದು ಹಿಡಿ ಸಿಮೆಂಟು ಮೆತ್ತಿದ್ರೆ ಆಯ್ತಪ್ಪ," ಎಂದು ಬಡಗಿ ಮೆತ್ತಿಯೇಬಿಟ್ಟ. ಗೋಡೆ ಈಗ ಎಮ್ಮೆ ಒರಗಿ ಎದ್ದುಹೋದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಕಿಟಕಿಯಿಂದ ಹೊರಗೆ ಇಣುಕಿದ ಗುಮಾಸ್ತರು, "ಅಯ್ಯಯ್ಯೋ, ಟೀಚರಮ್ಮ ಬಂದೇಬಿಟ್ರು! ಗಂಟೆ ಇನ್ನೂ ನಾಲ್ಕು ಕಣ್ರೀ!" ಎಂದು ಕೂಗಿದರು.

ಟೀಚರಮ್ಮ ಎಂದರೆ ಮನೆ ಕೊಂಡವರು. ಮೂವರೂ ಸೇರಿ ಕನ್ನಡಿಗೆ ಕಂಬಳಿ ಸುತ್ತಿ ಬೀರುವಿನೊಳಗೆ ನಿಲ್ಲಿಸಿದರು. ಬೀರುವನ್ನು ಹಸಿ ಗೋಡೆಗೆ ಅಡ್ಡ ತಳ್ಳಿದರು. ದರ್ಜಿ ಬಾಗಿಲಿಗೆ ಓಡಿ, ಬಿಸಿಲು, ಗಾಳಿ, ಶಾಲೆ, ಮಕ್ಕಳು ಎಂದು ಸಿಕ್ಕಿದ್ದೆಲ್ಲ ಮಾತಾಡಿ ಹತ್ತು ನಿಮಿಷ ತಳ್ಳಿದ.

ಒಳಗೆ ಬಂದ ಟೀಚರಮ್ಮ ಬೀರುವಿನ ಮುಂದೆ ನಿಂತು ಅದರ ಅಂಚಿನ ಸ್ಕ್ರೂಗಳನ್ನು ನೋಡಿದರು. "ಇದೇನು, ಇದನ್ನ ಗೋಡೆಗೆ ಸ್ಕ್ರೂ ಹಾಕಿದೀರಾ?"

ದರ್ಜಿ ಹೌಹಾರಿ ತಿರುಗಿದ. ಬಡಗಿ ಹೆಮ್ಮೆಯಿಂದ ಅವನ ಕಿವಿಯಲ್ಲಿ ಉಸುರಿದ: "ಅಲ್ಲಾಡ್ತಿತ್ತು ಕಣಣ್ಣ. ಅದೇ ನಾಲ್ಕು ಸ್ಕ್ರೂ ಬಿಗಿದುಬಿಟ್ಟೆ."

"ಸ್ಕ್ರೂ ಹಾಕಿದ್ದೆಲ್ಲ ಮನೆಗೇ ಸೇರಿದ್ದು!" ಎಂದು ಗುಮಾಸ್ತರು ಅಭ್ಯಾಸಬಲದಿಂದ ಹೇಳಿ, ನಾಲಿಗೆ ಕಚ್ಚಿಕೊಂಡರು.

"ಅಂದ್ರೆ ಇಂಥ ಬೀರು ನನಗೇ ಬಿಟ್ಟಿದೀರಾ?" ಟೀಚರಮ್ಮ ಹಿಗ್ಗಿ ಬೀರುವಿನ ಮೈ ಸವರಿದರು. ಅದರ ಬಾಗಿಲು ತೆರೆದರು. ಕಂಬಳಿ ಜಾರಿತು. ಕನ್ನಡಿಯಲ್ಲಿ, ಒಂದು ಸುತ್ತು ತೆಳ್ಳಗೆ, ಅವರೇ ನಿಂತಿದ್ದರು.

ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಂದು ನಿಜ ಹೇಳ್ತೀನಿ. ಈ ಕನ್ನಡಿ ನಿಮ್ಮ ಹೊಟ್ಟೆಪಾಡು, ಕರಾರು ಏನೇ ಇರ್ಲಿ, ನೀವೇ ತಗೊಂಡು ಹೋಗಿ ಅಂತ ಹೇಳೋಕೇ ಒಂದು ಗಂಟೆ ಮುಂಚೆ ಓಡಿಬಂದೆ. ನೀವು ನೋಡಿದ್ರೆ ಒಂದು ಗೀರೂ ಬೀಳದ ಹಾಗೆ ಕಂಬಳಿ ಸುತ್ತಿ, ಬೀರು ಸಮೇತ ನನಗೇ ಇಟ್ಟಿದೀರ! ಇಷ್ಟು ಪ್ರೀತಿಯಿಂದ ಕೊಟ್ಟಿದ್ದನ್ನ ಬೇಡ ಅನ್ನೋಕೆ ನನಗೆ ಬಾಯೇ ಬರಲ್ಲ."

ದರ್ಜಿ ಬೀರುವಿನ ನಾಲ್ಕೂ ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿದ. ಗುಮಾಸ್ತರು ಸೂರು ನೋಡಿದರು. ಬಡಗಿ ಮಾತ್ರ, "ನಮ್ಮಣ್ಣನ ಮನಸ್ಸೇ ಹಾಗೆ," ಎಂದು ಮೂಗು ಸೀಟಿದ.

ಟೀಚರಮ್ಮ ಎರಡೂ ಕೈ ಜೋಡಿಸಿದರು. "ಈ ಉಪಕಾರ ಸಾಯೋವರೆಗೂ ಮರೆಯಲ್ಲ. ಹೊಸ ಮನೆಯಲ್ಲಿ ಮೊದಲನೇ ಹೊಲಿಗೆ ನನ್ನದೇ ಆಗ್ಲಿ. ಧೂಳು ಕೂರದ ಹಾಗೆ ಈ ಕನ್ನಡಿಗೊಂದು ಚಂದದ ಪರದೆ ಹೊಲಿದುಕೊಡಿ. ಅಳತೆ ತಗೊಳ್ತೀರಾ?"

ದರ್ಜಿ ಕೀಲಿಕೈ ಗೊಂಚಲನ್ನು ಅವರ ಕೈಗಿಟ್ಟ. ಬೀರುವಿನ ಕೀಲಿಯೂ ಅದರಲ್ಲೇ ಇತ್ತು.

"ಬೇಡಮ್ಮ," ಎಂದ. "ಅದರ ಅಳತೆ ನಂಗೆ ಬಾಯಿಪಾಠ."